ನುಡಿಸಿದವರ ಹೆಸರುಂಟು, ಮಾಡಿದವರದು?

ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಬಾದಾಮಿಯ ಬನಶಂಕರಿ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ನಾಟಕ ಕಂಪನಿಗಳು ಬಂದು ಸಾಲಾಗಿ ಟೆಂಟು ಹಾಕುತ್ತವೆ. ಟೆಂಟಿನ ಮುಂದಿನ ಬ್ಯಾನರಿನಲ್ಲಿ ಕಂಪನಿ ಮಾಲೀಕರ ಹೆಸರಿರುತ್ತದೆ, ನಾಟಕ ಬರೆದವರದಿರುತ್ತದೆ, ನಾಯಕ ನಾಯಕಿಯರದು, ಹಾಸ್ಯ ಪಾತ್ರಧಾರಿಗಳದು ದೊಡ್ಡ ಅಕ್ಷರದಲ್ಲಿ ಇರುತ್ತವೆ. ಒಮ್ಮೊಮ್ಮೆ ಪೇಟಿ ಮಾಸ್ತರರ ಹೆಸರಿಗೂ ಜಾಗ ಸಿಗುತ್ತದೆ. ಆ ಪೇಟಿಯನ್ನು ಮಾಡಿದವರು ಯಾರು, ಅದರ ಸ್ವರ ಕೆಟ್ಟಾಗ ಸರಿಮಾಡಿ ಕೊಟ್ಟವರು ಯಾರು ಎಂಬುದು ಯಾವ ಬ್ಯಾನರಿನಲ್ಲೂ ಇರುವುದಿಲ್ಲ.

ಬಾಗಲಕೋಟೆಯಲ್ಲಿ, ಇಳಕಲ್ಲಿನಲ್ಲಿ ಗಣೇಶ ಹಬ್ಬಕ್ಕೆ ನಡೆಯುವ ರಸಮಂಜರಿಯದೂ ಇದೇ ಕಥೆ. ಹಾಡುವವರಿಗೆ ಶಾಲು, ಹಾರ. ಹಿಂದೆ ನಿಂತು ನಾಲ್ಕು ತಂತಿಯ ಬೇಸ್ ಗಿಟಾರ್ ಮೀಟುವ ಹುಡುಗನನ್ನು ಜನ ಅಷ್ಟಾಗಿ ಗಮನಿಸುವುದಿಲ್ಲ. ಆದರೆ ಹಾಡಿನ ತಳದಲ್ಲಿ ಎದೆಗೆ ತಾಕುವ ಆ ಮಂದ್ರ ನಾದ ನಿಂತುಬಿಟ್ಟರೆ, ಏನೋ ಕಡಿಮೆಯಾಯಿತು ಎಂದು ಎಲ್ಲರಿಗೂ ತಿಳಿಯುತ್ತದೆ. ಆ ಹುಡುಗನನ್ನೇ ಗಮನಿಸದ ನಮಗೆ, ಅವನ ಕೈಯಲ್ಲಿರುವ ವಾದ್ಯಕ್ಕೆ ಆ ರೂಪ ಕೊಟ್ಟವರ ನೆನಪು ಎಲ್ಲಿಂದ ಬರಬೇಕು?

ಈ ಬರಹ ಅಂಥ ಇಬ್ಬರ ಕುರಿತದ್ದು. ಒಬ್ಬರು ಕ್ಯಾಲಿಫೋರ್ನಿಯಾದ ರೇಡಿಯೋ ರಿಪೇರಿಯವರು, ಇನ್ನೊಬ್ಬರು ಕೃಷ್ಣಾ ತೀರದ ಮಿರಜಿನಲ್ಲಿ ಕತ್ತಿಗೆ ಸಾಣೆ ಹಿಡಿಯುತ್ತಿದ್ದವರು. ಇಬ್ಬರೂ ಈಗಿಲ್ಲ. ಇಬ್ಬರೂ ಬೇರೆ ಕಸಬಿನಿಂದ ಬಂದವರು. ಸಂಗೀತಗಾರರ ತಕರಾರನ್ನು ಕಿವಿಗೊಟ್ಟು ಕೇಳಿ, ಅದಕ್ಕೆ ಕೈಯಿಂದ ಉತ್ತರ ಕೊಟ್ಟವರು. ಹೊಸ ವಾದ್ಯ ಹುಟ್ಟುವುದು ಹೀಗೆಯೇ ಎಂಬುದು ನನ್ನ ಗಟ್ಟಿ ನಂಬಿಕೆ.

ಮೊದಲು ಲಿಯೋ ಫೆಂಡರ್ ಅವರ ವಿಷಯ. 1909ರ ಆಗಸ್ಟ್ 10ರಂದು ಕ್ಯಾಲಿಫೋರ್ನಿಯಾದಲ್ಲಿ, ಕಿತ್ತಳೆ ತೋಟ ಮಾಡಿಕೊಂಡಿದ್ದ ಒಕ್ಕಲುತನದ ಮನೆಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ಒಂದು ಕಣ್ಣು ಹೋಯಿತು. ಓದಿದ್ದು ಲೆಕ್ಕಪತ್ರ, ಮಾಡಿದ್ದು ಗುಮಾಸ್ತಿಕೆ. ಆರ್ಥಿಕ ಕುಸಿತದ ಕಾಲದಲ್ಲಿ ಆ ಕೆಲಸವೂ ಹೋದಾಗ, 1938ರಲ್ಲಿ ಫುಲ್ಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಹಾಕಿದರು. ಊರಿನ ಹಾಡುಗಾರರು, ವಾದ್ಯಗಾರರು ಕೆಟ್ಟ ಆಂಪ್ಲಿಫೈಯರ್ ಹೊತ್ತುಕೊಂಡು ಅಲ್ಲಿಗೇ ಬರುತ್ತಿದ್ದರು. ರಿಪೇರಿಗೆ ಬಂದವರು ತಮ್ಮ ಕಷ್ಟಗಳನ್ನೂ ಹೇಳಿಕೊಳ್ಳುತ್ತಿದ್ದರು.

ಆ ಕಾಲದ ಕುಣಿತದ ಮೇಳಗಳಲ್ಲಿ ಮಂದ್ರ ನಾದಕ್ಕಿದ್ದದ್ದು ನಿಂತುಕೊಂಡು ನುಡಿಸುವ ಡಬಲ್ ಬೇಸ್. ಅದು ನುಡಿಸುವವನಿಗಿಂತ ಎತ್ತರ. ಕಾರಿನ ಮೇಲೆ ಕಟ್ಟಿಕೊಂಡು ಊರೂರು ಅಲೆಯಬೇಕು. ಡ್ರಮ್ಮು, ತುತ್ತೂರಿಗಳ ಗದ್ದಲದಲ್ಲಿ ಅದರ ದನಿ ಕೇಳುವುದೂ ಇಲ್ಲ. ಅದರ ಕೊರಳಿಗೆ ಮೆಟ್ಟಿಲುಗಳಿಲ್ಲದ ಕಾರಣ ಬೆರಳು ಕೂದಲೆಳೆಯಷ್ಟು ಆಚೀಚೆ ಆದರೂ ಸ್ವರ ತಪ್ಪುತ್ತದೆ. ಫೆಂಡರ್ ಈ ತಕರಾರುಗಳನ್ನು ಒಂದೊಂದಾಗಿ ಬಗೆಹರಿಸುತ್ತ ಹೋದರು. ಹೆಗಲಿಗೆ ನೇತುಹಾಕಿಕೊಳ್ಳುವ ಗಟ್ಟಿ ಮರದ ಮೈ, ಮೂವತ್ನಾಲ್ಕು ಅಂಗುಲ ತಂತಿಯ ಉದ್ದ, ಸ್ವರ ತಪ್ಪದಂತೆ ಲೋಹದ ಮೆಟ್ಟಿಲುಗಳು, ತಂತಿಯ ಕಂಪನವನ್ನು ವಿದ್ಯುತ್ತಿಗೆ ತಿರುಗಿಸುವ ಪಿಕಪ್. 1951ರಲ್ಲಿ ಮಾರುಕಟ್ಟೆಗೆ ಬಂದ ಈ ವಾದ್ಯಕ್ಕೆ ಅವರು ಕೊಟ್ಟ ಹೆಸರು ಪ್ರಿಸಿಷನ್ ಬೇಸ್. ಇಂಥ ಪ್ರಯತ್ನವನ್ನು 1930ರ ದಶಕದಲ್ಲೇ ಸಿಯಾಟಲ್ಲಿನ ಪಾಲ್ ಟುಟ್ಮಾರ್ಕ್ ಮಾಡಿದ್ದರು. ಜಗತ್ತಿನಲ್ಲಿ ಬೇರು ಬಿಟ್ಟದ್ದು ಮಾತ್ರ ಫೆಂಡರರ ವಾದ್ಯ. ಇಂದು ನಮ್ಮ ರಸಮಂಜರಿಯ ವೇದಿಕೆಯ ಮೇಲಿರುವ ಬೇಸ್ ಗಿಟಾರ್ ಯಾವ ಕಂಪನಿಯದೇ ಆಗಲಿ, ಅದರ ಮೂಲ ವಿನ್ಯಾಸ ಅದೇ.

ಅವರ ಇನ್ನೊಂದು ಕೆಲಸವನ್ನು ಹತ್ತಿರದಿಂದ ನೋಡೋಣ. ಫೆಂಡರರ ಮೊದಲ ಎಲೆಕ್ಟ್ರಿಕ್ ಗಿಟಾರ್‌ಗಳ ಮೈ ಚಪ್ಪಟೆ ಹಲಗೆಯಾಗಿತ್ತು. ತಾಸುಗಟ್ಟಲೆ ನುಡಿಸುವಾಗ ಅದರ ಅಂಚು ಪಕ್ಕೆಲುಬಿಗೆ ಒತ್ತುತ್ತದೆ, ಮುಂಗೈ ನೋಯುತ್ತದೆ ಎಂದು ವಾದಕರು ದೂರಿದರು. 1954ರ ಸ್ಟ್ರಾಟೊಕಾಸ್ಟರ್‌ನಲ್ಲಿ ಫೆಂಡರ್ ಮತ್ತು ಅವರ ಜೊತೆಗಾರರು ಎದೆಗೆ ತಾಗುವ ಹಿಂಭಾಗವನ್ನು ಕೆತ್ತಿ ತೆಗೆದರು, ಕೈ ಊರುವ ಮೇಲಂಚನ್ನು ಇಳಿಜಾರು ಮಾಡಿದರು. ಮನುಷ್ಯನ ಮೈಗೆ ಗಿಟಾರಿನ ಮೈ ಹೊಂದಿಕೊಂಡಿತು. ಕೊರಳನ್ನು ಅಂಟಿನಿಂದ ಕೂಡಿಸುವ ಬದಲು ಸ್ಕ್ರೂ ಹಾಕಿ ಕೂಡಿಸಿದ್ದರಿಂದ, ಕೊರಳು ಸೊಟ್ಟಗಾದರೆ ಅದೊಂದನ್ನೇ ಬಿಚ್ಚಿ ಬದಲಿಸಬಹುದಿತ್ತು. ಇದು ರಿಪೇರಿ ಮಾಡಿದ ಕೈಗೆ ಮಾತ್ರ ಹೊಳೆಯುವ ಉಪಾಯ. ಕೆಟ್ಟದ್ದನ್ನು ಬಿಚ್ಚಿ ನೋಡಿದವರಿಗೇ ಬಿಚ್ಚಲು ಬರುವಂತೆ ಕಟ್ಟಬೇಕೆಂಬ ಅರಿವು ಇರುತ್ತದೆ.

ಫೆಂಡರರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ತಾವು ಮಾಡಿದ್ದನ್ನು ವಾದಕರ ಕೈಗೆ ಕೊಟ್ಟು, ಅವರು ಹೇಳಿದ್ದನ್ನು ಕೇಳಿ ತಿದ್ದುತ್ತಿದ್ದರು. 1965ರಲ್ಲಿ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ 1.3 ಕೋಟಿ ಡಾಲರಿಗೆ ಮಾರಿದ ಮೇಲೂ ಸುಮ್ಮನೆ ಕೂಡಲಿಲ್ಲ. ಮುಂದೆ ಬೇರೆ ಕಂಪನಿಗಳಿಗೆ ವಾದ್ಯ ರೂಪಿಸಿದರು. ಪಾರ್ಕಿನ್ಸನ್ ಕಾಯಿಲೆಯಿದ್ದರೂ ಕೊನೆಯವರೆಗೆ ಕೆಲಸದ ಬೆಂಚಿಗೆ ಹೋಗುತ್ತಿದ್ದರು. 1991ರ ಮಾರ್ಚ್ 21ರಂದು ತೀರಿಕೊಂಡರು. ಮರುವರ್ಷ ಅಮೆರಿಕದ ರಾಕ್ ಸಂಗೀತದ ಗೌರವ ಪಟ್ಟಿಗೆ ಅವರ ಹೆಸರೂ ಸೇರಿತು. ವಾದ್ಯ ಮಾಡಿದವರನ್ನು ನುಡಿಸಿದವರ ಸಾಲಿನಲ್ಲೇ ಕೂಡ್ರಿಸಿದ ಈ ನಡೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಈಗ ನಮ್ಮ ಕಡೆಯ ಮಾತು. ಬಾಗಲಕೋಟೆ ಸೀಮೆಯ ಮಠಗಳಲ್ಲಿ, ಹಳೆಯ ಹಾಡುಗಾರರ ಮನೆಗಳಲ್ಲಿ ಬಟ್ಟೆಯ ಗವಸು ಹಾಕಿ ನಿಲ್ಲಿಸಿರುವ ತಂಬೂರಿಯನ್ನು ಎಲ್ಲಿಯದು ಎಂದು ಕೇಳಿನೋಡಿ. ಬರುವ ಉತ್ತರ ಸಾಮಾನ್ಯವಾಗಿ ಒಂದೇ: ಮಿರಜಿನದು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮಿರಜ್, ಕನ್ನಡವೂ ಮರಾಠಿಯೂ ಕೂಡಿ ಬಾಳುವ ಗಡಿನಾಡಿನ ಊರು. ಹಿಂದೆ ಅದು ಪಟವರ್ಧನರ ಸಂಸ್ಥಾನ. ನಮ್ಮ ಜಮಖಂಡಿಯನ್ನು ಆಳಿದ್ದೂ ಅದೇ ಮನೆತನದ ಇನ್ನೊಂದು ಶಾಖೆ. ಹಾಡುಗಾರರು, ನಾಟಕದವರು, ವೈದ್ಯರು, ರೋಗಿಗಳು ಎಲ್ಲರಿಗೂ ಬಾಗಲಕೋಟೆಯಿಂದ ಮಿರಜಿನ ದಾರಿ ಹಳೆಯ ಪರಿಚಯ.

ಆ ಊರಿಗೆ ವಾದ್ಯದ ಕಸಬು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಫರೀದ್‌ಸಾಹೇಬ ಶಿಕಲಗಾರರ ಕೈಯಿಂದ. ಶಿಕಲಗಾರರೆಂದರೆ ಕತ್ತಿ, ಕಠಾರಿ, ಭರ್ಚಿಗಳನ್ನು ಮಾಡಿ ಸಾಣೆ ಹಿಡಿಯುವವರು. ಇಂಗ್ಲಿಷರ ಆಳಿಕೆ ಗಟ್ಟಿಯಾದ ಮೇಲೆ ಸಂಸ್ಥಾನಗಳ ಸೈನ್ಯ ಕರಗಿತು, ಆಯುಧಗಳಿಗೆ ಗಿರಾಕಿ ಇಲ್ಲವಾಯಿತು. ಅದೇ ಹೊತ್ತಿಗೆ ಅರಮನೆಯ ಆಶ್ರಯದಲ್ಲಿ ಹಾಡುಗಾರರು ಹೆಚ್ಚಿದರು. ಅವರ ತಂಬೂರಿ ಒಡೆದರೆ ಸರಿಮಾಡಿಸಲು ಉತ್ತರದ ದೂರದ ಊರುಗಳಿಗೆ ಒಯ್ಯಬೇಕಿತ್ತು. ಅರಮನೆಯವರು ಆ ಕೆಲಸವನ್ನು ಊರಿನ ಕುಶಲ ಕೈಗೇ ಒಪ್ಪಿಸಿದರು. ಫರೀದ್‌ಸಾಹೇಬರು ಸೋದರ ಮೊಹಿನುದ್ದೀನರೊಂದಿಗೆ ಮೊದಲು ರಿಪೇರಿಗೆ ಕೈ ಹಚ್ಚಿ, ಬಿಚ್ಚಿ ಕಟ್ಟುತ್ತ ಕಲಿತು, ಕಡೆಗೆ ತಾವೇ ಹೊಸ ತಂಬೂರಿ, ಸಿತಾರ ಮಾಡಿದರು. ಮುಂದಿನ ಪೀಳಿಗೆಯವರ ಅಡ್ಡಹೆಸರೇ ಸಿತಾರಮೇಕರ ಎಂದಾಯಿತು. ಫುಲ್ಲರ್ಟನ್ನಿನ ಅಂಗಡಿಗೂ ಮಿರಜಿನ ಮನೆಗೂ ನಡುವೆ ಸಮುದ್ರಗಳಿವೆ. ಆದರೂ ಎರಡೂ ಕಡೆ ಬಾಗಿಲು ತೆರೆದದ್ದು ರಿಪೇರಿ.

ಮಿರಜಿನ ತಂಬೂರಿ ಹೇಗೆ ಆಗುತ್ತದೆ ಎಂಬುದು ತಿಳಿದಿರಬೇಕಾದ ಸಂಗತಿ. ಅದರ ಬುರುಡೆಯ ಕುಂಬಳ ಭೀಮಾ ನದಿಯ ಬಯಲಿನ ಪಂಢರಪುರ, ಮಂಗಳವೇಢೆ ಕಡೆಯ ಹೊಲಗಳಿಂದ ಬರುತ್ತದೆ. ಇದು ತಿನ್ನುವ ಕಾಯಲ್ಲ. ಕಹಿ, ದಪ್ಪ ಸಿಪ್ಪೆಯದು. ಬಳ್ಳಿಯಲ್ಲೇ ಬಲಿತು, ತಿಂಗಳುಗಟ್ಟಲೆ ಒಣಗಿ, ತಟ್ಟಿದರೆ ಟಣ್ಣೆನ್ನುವಷ್ಟು ಗಟ್ಟಿಯಾಗಬೇಕು. ಅದನ್ನು ನೀರಿನಲ್ಲಿ ನೆನೆಯಿಟ್ಟು, ಬಾಯಿ ಕೊಯ್ದು, ಒಳಗಿನ ತಿರುಳು ಬೀಜ ತೆಗೆದು, ಕಡ್ಡಿಗಳನ್ನು ಅಡ್ಡ ಕೊಟ್ಟು ಬಾಯಿ ಅಗಲಿಸಿ ಮತ್ತೆ ಒಣಗಿಸುತ್ತಾರೆ. ದಾಂಡಿ ಮತ್ತು ಮೇಲಿನ ಹಲಗೆ ತೂನ್ ಮರದವು. ಆ ಮರ ಹೆಚ್ಚಾಗಿ ಹೋಗುವುದು ನಮ್ಮ ಕರ್ನಾಟಕದ ಕಾಡುಗಳಿಂದ. ಒಳಗೆಲ್ಲ ಟೊಳ್ಳಾದ ದಾಂಡಿಯನ್ನು ಬುರುಡೆಗೆ ಕೂಡಿಸಿ, ಬೆಸುಗೆಯ ಮೇಲೆ ಎಲೆಬಳ್ಳಿ ಕೆತ್ತಿದ ಮರದ ಪಟ್ಟಿ ಹಾಕಿ, ಬಿರಡೆ ಕೂಡ್ರಿಸಿ, ಅರಗಿನ ಮೆರುಗು ಕೊಡುತ್ತಾರೆ. ಕರ್ನಾಟಕದ ಕಾಡು, ಭೀಮೆಯ ಬಯಲು, ಮಿರಜಿನ ಕೈ ಸೇರಿ ಆದ ವಾದ್ಯ ಗದಗಿಗೂ ಧಾರವಾಡಕ್ಕೂ ಬಾಗಲಕೋಟೆಗೂ ತಿರುಗಿ ಬರುತ್ತದೆ.

ಇಷ್ಟೆಲ್ಲ ಆದ ಮೇಲೂ ತಂಬೂರಿ ಹಾಡುವುದಿಲ್ಲ. ಅದಕ್ಕೆ ಜವಾರಿ ತೆಗೆಯಬೇಕು. ತಂತಿ ಹಾಯುವ ಕುದುರೆ, ಅಂದರೆ ಘೋಡಿ, ಎರಡು ಬೆರಳಿನಷ್ಟು ಅಗಲದ ಎಲುಬಿನ ತುಂಡು. ನೋಡಲು ಸಪಾಟು, ಮುಟ್ಟಿದರೂ ಸಪಾಟು. ನಿಜದಲ್ಲಿ ಅದರ ಬೆನ್ನು ಅತಿ ಸೂಕ್ಷ್ಮವಾಗಿ ಬಾಗಿರುತ್ತದೆ. ಕಾರಿಗರನು ಅರದಿಂದ ಒಂದೆರಡು ಸಲ ಉಜ್ಜುತ್ತಾನೆ, ತಂತಿ ಇಳಿಸಿ ಮೀಟುತ್ತಾನೆ, ಕೇಳುತ್ತಾನೆ, ತಂತಿ ಎತ್ತಿ ಮತ್ತೆ ಉಜ್ಜುತ್ತಾನೆ. ಒಂದು ಸಲ ಹೆಚ್ಚಾದರೆ ನಾದ ಕೊರಗುತ್ತದೆ, ಒಂದು ಸಲ ಕಡಿಮೆಯಾದರೆ ಮುಚ್ಚಿಕೊಳ್ಳುತ್ತದೆ. ಕೊನೆಗೆ ತಂತಿಗೂ ಕುದುರೆಗೂ ನಡುವೆ ಒಂದು ಹತ್ತಿಯ ನೂಲು ತೂರಿಸಿ, ಕೂದಲಿನಷ್ಟು ಹಿಂದೆ ಮುಂದೆ ಸರಿಸುತ್ತಾನೆ. ಒಂದು ಜಾಗಕ್ಕೆ ಬಂದಾಗ ತಂತಿ ಒಮ್ಮೆಲೇ ಬಾಯಿ ಬಿಡುತ್ತದೆ. ಒಂದೇ ಮೀಟಿನಿಂದ ಷಡ್ಜ, ಪಂಚಮ, ಗಾಂಧಾರಗಳು ಒಂದರ ಬೆನ್ನಿಗೊಂದು ಬಿಚ್ಚಿಕೊಳ್ಳುತ್ತವೆ. ಬಾಗಿದ ಅಲಗಿಗೆ ಸಾಣೆ ಹಿಡಿದು ಪಳಗಿದ ಮನೆತನದ ಕೈಗೆ ಈ ಸೂಕ್ಷ್ಮ ಬಾಗು ಒಲಿದದ್ದು ಸಹಜವೇ ಆಗಿತ್ತು ಎಂದು ನನಗೆ ಅನಿಸುತ್ತದೆ.

ಇದರ ವಿಜ್ಞಾನವನ್ನು ಸಿ. ವಿ. ರಾಮನ್ 1921ರಲ್ಲಿ ಕೋಲ್ಕತ್ತದಲ್ಲಿದ್ದಾಗ ಬರೆದ ಒಂದು ಚಿಕ್ಕ ಲೇಖನದಲ್ಲಿ ತೋರಿಸಿದರು. ಯುರೋಪಿನ ಭೌತಶಾಸ್ತ್ರದ ನಿಯಮದಂತೆ, ತಂತಿಯನ್ನು ಸರಿಯಾಗಿ ನಡುವೆ ಮೀಟಿದರೆ ಆ ಬಿಂದುವಿನಲ್ಲಿ ಅಲುಗಾಡದೆ ನಿಲ್ಲುವ ಉಪಸ್ವರಗಳು ಕೇಳಬಾರದು. ತಂಬೂರಿಯಲ್ಲಿ, ವೀಣೆಯಲ್ಲಿ ಅವು ಸ್ಪಷ್ಟವಾಗಿ ಕೇಳುತ್ತವೆ ಎಂದು ರಾಮನ್ ಪ್ರಯೋಗ ಮಾಡಿ ಕಂಡರು. ಬಾಗಿದ ಕುದುರೆಯನ್ನು ತಂತಿ ಸವರುತ್ತ ಕಂಪಿಸುವುದೇ ಅದಕ್ಕೆ ಕಾರಣ. ಪುಸ್ತಕ ಓದದ ಕಾರಿಗರರು ಕಿವಿಯಿಂದಲೇ ಕಂಡುಕೊಂಡ ಸತ್ಯಕ್ಕೆ, ಮುಂದೆ ನೊಬೆಲ್ ಪಡೆದ ವಿಜ್ಞಾನಿಯೊಬ್ಬರು ತಲೆಬಾಗಿ ಲೆಕ್ಕ ಬರೆದುಕೊಟ್ಟರು.

ಈ ಕೆಲಸ ನಮ್ಮ ಸಂಗೀತಕ್ಕೆ ಏನು ಕೊಟ್ಟಿತು? ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದು ಮಿರಜಿನಲ್ಲಿ. 1937ರಲ್ಲಿ ತೀರಿಕೊಂಡ ಅವರ ಸಮಾಧಿಯೂ ಅಲ್ಲಿನ ಖ್ವಾಜಾ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಒಂದೊಂದು ಸ್ವರವನ್ನೂ ಅದರ ಜಾಗದಲ್ಲಿ ಅಲುಗದಂತೆ ನಿಲ್ಲಿಸುವುದು ಆ ಘರಾಣೆಯ ಜೀವ. ಅದಕ್ಕೆ ಬೆನ್ನಿಗೆ ಒಳ್ಳೆಯ ತಂಬೂರಿ ಬೇಕೇ ಬೇಕು. ಖಾನ್‌ಸಾಹೇಬರು ತಾವೇ ಉಪಕರಣ ಹಿಡಿದು ವಾದ್ಯ ಸರಿಮಾಡಬಲ್ಲವರಾಗಿದ್ದರು. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು; ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಕನ್ನಡನಾಡು ಎದೆ ತಟ್ಟಿ ಹೇಳಿಕೊಳ್ಳುವ ಈ ಪರಂಪರೆಯ ಹಿಂದೆ, ಬೆನ್ನಿಗೆ ಕೂತು ನಾಲ್ಕು ತಂತಿ ಮೀಟಿದವರಿದ್ದಾರೆ. ಅವರ ಹಿಂದೆ ಆ ತಂತಿಗೆ ಬಾಯಿ ಬರಿಸಿದ ಕಾರಿಗರರಿದ್ದಾರೆ.

ಲೆಕ್ಕವನ್ನೇ ಮುಂದಿಟ್ಟು ವಾದ್ಯ ಮಾಡಹೊರಟರೆ ಏನಾಗುತ್ತದೆ ಎಂಬುದಕ್ಕೂ ಅದೇ ಸೀಮೆಯಲ್ಲಿ ಉದಾಹರಣೆಯಿದೆ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ್ ಮತ್ತು ಇಂಗ್ಲಿಷ್ ನ್ಯಾಯಾಧೀಶ ಇ. ಕ್ಲೆಮೆಂಟ್ಸ್ ಸೇರಿ ಇಪ್ಪತ್ತೆರಡು ಶ್ರುತಿಗಳ ಲೆಕ್ಕ ಹಾಕಿ, ಅದರಂತೆ ಒಂದು ಹಾರ್ಮೋನಿಯಂ ಮಾಡಿಸಿದರು. ಲೆಕ್ಕದಲ್ಲಿ ದೊಡ್ಡ ಶ್ರಮವಿತ್ತು, ಉದ್ದೇಶವೂ ಒಳ್ಳೆಯದಿತ್ತು. ಆದರೆ ಹಾಡುವವರ ಗಂಟಲು ಆ ಲೆಕ್ಕಕ್ಕೆ ಒಗ್ಗಲಿಲ್ಲ, ವಾದ್ಯ ಬಳಕೆಗೆ ಬರಲಿಲ್ಲ. ಫರೀದ್‌ಸಾಹೇಬರ ದಾರಿ ಇದಕ್ಕೆ ತಿರುಗುಮುರುಗು. ಹಾಡುವವರು ಎದುರಿಗೆ ಕೂತು ಒಪ್ಪುವವರೆಗೆ ಅರ ಹಿಡಿದ ಕೈ ನಿಲ್ಲುತ್ತಿರಲಿಲ್ಲ. ಆ ದಾರಿಯೇ ಇಂದಿಗೂ ಉಳಿದಿದೆ.

2024ರಲ್ಲಿ ಮಿರಜಿನ ಸಿತಾರ ಮತ್ತು ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮುದ್ರೆ, ಅಂದರೆ ಜಿಐ ಟ್ಯಾಗ್ ಸಿಕ್ಕಿತು. ಸಂತೋಷದ ಸುದ್ದಿ. ನಮ್ಮ ಇಳಕಲ್ ಸೀರೆಗೂ ಅಂಥ ಮುದ್ರೆಯಿದೆ. ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ರೇಷ್ಮೆ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸುವ, ಅದಕ್ಕಾಗಿಯೇ ಒಂದೊಂದು ಸೀರೆಗೂ ಬೇರೆ ಹಾಸು ಸಿದ್ಧಮಾಡುವ ನೇಕಾರರ ಜಾಣ್ಮೆಗೆ ಅದು ಸಲ್ಲಲೇಬೇಕಾದ ಮನ್ನಣೆ. ಆದರೆ ಮುದ್ರೆ ಕಾಯುವುದು ಊರಿನ ಹೆಸರನ್ನು. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತವರ ಹೆಸರು ಸೀರೆಯ ಮೇಲೆ ಬರುವುದಿಲ್ಲ, ಜವಾರಿ ತೆಗೆದವರ ಹೆಸರು ತಂಬೂರಿಯ ಜೊತೆ ಮನೆಗೆ ಬರುವುದಿಲ್ಲ. ಊರಿನ ಹೆಸರು ಉಳಿಯಲಿ, ಅದರ ಜೊತೆಗೆ ಕೈಯ ಹೆಸರೂ ಉಳಿಯಬೇಕು.

ಇದು ನಮ್ಮ ನೆಲಕ್ಕೆ ಹೊಸ ಮಾತೇನಲ್ಲ. ಬಾದಾಮಿ ತಾಲ್ಲೂಕಿನ ಪಟ್ಟದಕಲ್ಲಿಗೆ ಹೋದವರೆಲ್ಲ ವಿರೂಪಾಕ್ಷ ದೇವಾಲಯ ನೋಡುತ್ತಾರೆ. ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ ಅದು. ಅಲ್ಲಿನ ಕನ್ನಡ ಶಾಸನಗಳು ಅರಸನನ್ನೂ ರಾಣಿಯನ್ನೂ ಹೇಳಿ ಸುಮ್ಮನಾಗುವುದಿಲ್ಲ. ಗುಡಿ ಕಟ್ಟಿದ ಸೂತ್ರಧಾರಿ ಗುಂಡನಿಗೆ ಅನಿವಾರಿತಾಚಾರಿ ಎಂಬ ಬಿರುದಿತ್ತೆಂದೂ ಅವನಿಗೆ ಪಟ್ಟ ಕಟ್ಟಿ ಗೌರವಿಸಿದರೆಂದೂ ತಿಳಿಸುತ್ತವೆ. ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬ ಸೂತ್ರಧಾರಿಯ ಜಾಣ್ಮೆಯನ್ನು ಬಣ್ಣಿಸುವಾಗ, ಅವನು ಮನೆ ಅರಮನೆಗಳ ಜೊತೆಗೆ ವಾಹನ, ಆಸನ, ಮಂಚ, ಮಣಿಮುಕುಟಗಳಲ್ಲೂ ನಿಪುಣನೆಂದು ಹೇಳಿವೆ. ಅದೇ ಗುಡಿಯ ಇನ್ನೊಂದು ಶಾಸನ ಹಾಡುವವರಿಗೆ ಹಿಂದೆ ವಿಜಯಾದಿತ್ಯ ಕೊಟ್ಟಿದ್ದ ದತ್ತಿಯನ್ನು ರಾಣಿ ಮುಂದುವರಿಸಿದ್ದನ್ನು ದಾಖಲಿಸುತ್ತದೆ. ಹಾಡಿದವರು, ಕಟ್ಟಿದವರು ಇಬ್ಬರೂ ಒಂದೇ ಕಲ್ಲುಗೋಡೆಯಲ್ಲಿ ಗೌರವ ಪಡೆದಿದ್ದಾರೆ.

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಹುಚ್ಚಪ್ಪಯ್ಯನ ಗುಡಿಯ ಶಾಸನ ನರಸೊಬ್ಬನೆಂಬ ಶಿಲ್ಪಿಯನ್ನು ಹೊಗಳುತ್ತದೆ. ಮನೆ, ಗುಡಿ ಕಟ್ಟುವ ವಿದ್ಯೆಯಲ್ಲಿ ಅವನಿಗೆ ಸಮನಾದವರು ಜಂಬೂದ್ವೀಪದಲ್ಲಿ ಹಿಂದೆ ಹುಟ್ಟಿಲ್ಲ, ಮುಂದೆಯೂ ಹುಟ್ಟುವುದಿಲ್ಲ ಎಂಬುದು ಅದರ ಭಾವ. ಮಲಪ್ರಭೆಯ ದಂಡೆಯ ಜನ ಸಾವಿರದ ಮುನ್ನೂರು ವರ್ಷಗಳ ಹಿಂದೆ ಕೈಕೆಲಸದವನ ಹೆಸರನ್ನು ಇಷ್ಟು ಧೈರ್ಯವಾಗಿ ಕಲ್ಲಿನಲ್ಲಿ ಕೊರೆಸಿದರು. ಕಾಗದ, ಕಂಪ್ಯೂಟರು, ಫೋನು ಎಲ್ಲ ಕೈಯಲ್ಲಿರುವ ನಾವು ಒಂದು ತಂಬೂರಿ ಮಾಡಿದವರ ಹೆಸರು ಬರೆದಿಟ್ಟುಕೊಳ್ಳದಿರುವುದು ನನಗೆ ನೋವಿನ ಸಂಗತಿ.

ಹೆಸರು ಬರೆದಿಡುವುದರಿಂದ ಸತ್ತವರಿಗೆ ಗೌರವ ಸಲ್ಲುತ್ತದೆ, ಜೊತೆಗೆ ಬದುಕಿರುವ ವಾದ್ಯಕ್ಕೆ ಆಯುಷ್ಯವೂ ಸಿಗುತ್ತದೆ. ಕುದುರೆ ಸವೆದ ತಂಬೂರಿಯನ್ನು ಯಾರ ಹತ್ತಿರ ಒಯ್ಯಬೇಕು? ಯಾವ ಮನೆಯವರು ಮಾಡಿದ್ದು ಎಂದು ಗೊತ್ತಿದ್ದರೆ ಅದೇ ಮನೆಯವರ ಕೈಗೆ ಕೊಡಬಹುದು. ಗೊತ್ತಿಲ್ಲದಿದ್ದರೆ ಸಿಕ್ಕವರು ಸಿಕ್ಕಂತೆ ಉಜ್ಜುತ್ತಾರೆ, ನಾದ ಹೋಗುತ್ತದೆ, ವಾದ್ಯ ಮೂಲೆ ಸೇರುತ್ತದೆ. ಪೇಟಿಯದೂ ಹಾಗೆಯೇ. ಅದರ ಹಿತ್ತಾಳೆಯ ನಾಲಗೆಯನ್ನು ತುದಿಯಲ್ಲಿ ತುಸು ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಗುಜರಾತಿನ ಪಾಲಿತಾಣಾದಿಂದ ಬಂದ ಒಳ್ಳೆಯ ನಾಲಗೆಯನ್ನೂ ಅರಿಯದ ಕೈ ಒಂದೇ ದಿನದಲ್ಲಿ ಹಾಳುಮಾಡಬಲ್ಲದು. ನಾಟಕ ಕಂಪನಿಗಳ ಜೊತೆ ಊರೂರು ತಿರುಗುವ ಕಾಲುಪೇಟಿಗಳನ್ನು ಧೂಳು, ಮಳೆ, ಇಲಿಗಳಿಂದ ಕಾಪಾಡಿ ಸ್ವರಕ್ಕೆ ತರುವ ರಿಪೇರಿಯವರು ಇಲ್ಲದಿದ್ದರೆ ಎಷ್ಟೋ ರಾತ್ರಿ ಪರದೆ ಏಳುತ್ತಿರಲಿಲ್ಲ.

ಜೋಗತಿಯರ ಚೌಡಿಕೆಯನ್ನು ನೋಡಿ. ಕೊಳಗದಂಥ ಮೈಗೆ ಒಂದು ಬದಿ ಆಡಿನ ತೊಗಲು, ತೊಗಲಿನ ನಡುವಿನಿಂದ ಹೊರಟ ಒಂದೇ ತಂತಿ, ಪಕ್ಕದ ಕೋಲಿನಲ್ಲಿ ಒಂದು ಬಿರಡೆ. ಕಂಕುಳಲ್ಲಿ ಇಟ್ಟುಕೊಂಡು ಮೀಟಿದರೆ ತಾಳವೂ ಅದೇ, ಶ್ರುತಿಯೂ ಅದೇ. ತಂತಿವಾದ್ಯ, ಚರ್ಮವಾದ್ಯ ಎರಡನ್ನೂ ಒಂದರಲ್ಲೇ ಕೂಡಿಸಿದ ಈ ಯೋಚನೆ ಯಾರ ತಲೆಯಲ್ಲಿ ಮೊದಲು ಹೊಳೆಯಿತೋ, ಅವರು ಯಾವ ದೊಡ್ಡ ಆವಿಷ್ಕಾರಕನಿಗೂ ಕಡಿಮೆಯವರಲ್ಲ. ತತ್ವಪದದ ಏಕತಾರಿಯನ್ನು ಇಂದಿಗೂ ಊರಿನ ಬಡಿಗರೇ ಮಾಡಿಕೊಡುತ್ತಾರೆ. ಬೆಂಗಳೂರಿನಲ್ಲಿ ಜಿ. ರಾಜ್ ನಾರಾಯಣ್ ಅವರು 1970ರ ದಶಕದಲ್ಲಿ ಎಲೆಕ್ಟ್ರಾನಿಕ್ ತಂಬೂರಿಯ ಕೆಲಸಕ್ಕೆ ಕೈಹಾಕಿದ್ದರಿಂದ, ತಂಬೂರಿ ಕೊಳ್ಳಲಾಗದ ಎಷ್ಟೋ ಮಕ್ಕಳಿಗೆ ಶ್ರುತಿಯ ಆಸರೆ ಸಿಕ್ಕಿತು. ಅದನ್ನು ಹಗುರ ಮಾಡಬಾರದು. ಪೆಟ್ಟಿಗೆಯ ಶ್ರುತಿ ಕೇಳಿ ಬೆಳೆದ ಮಗು ದೊಡ್ಡದಾದ ಮೇಲೆ ಒಮ್ಮೆ ನಿಜವಾದ ತಂಬೂರಿಯ ಮುಂದೆ ಕೂತು, ಆ ನಾದ ಎಲ್ಲಿಂದ ಬಂತೆಂದು ತಿಳಿಯುವಂತಾಗಬೇಕು, ಅಷ್ಟೇ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ನಮ್ಮ ಮಠಗಳು, ಸಂಗೀತ ಶಾಲೆಗಳು, ಭಜನಾ ಮಂಡಳಿಗಳು ತಮ್ಮಲ್ಲಿರುವ ಒಂದೊಂದು ವಾದ್ಯಕ್ಕೂ ಒಂದು ಪುಟ ಇಡಲಿ: ಮಾಡಿದವರು ಯಾರು, ಯಾವ ಊರು, ಯಾವ ವರ್ಷ, ರಿಪೇರಿ ಮಾಡಿದವರು ಯಾರು, ಏನು ಬದಲಿಸಿದರು. ವಯಸ್ಸಾದ ಪೇಟಿ ಮಾಸ್ತರರು ನೆನಪಿರುವಾಗಲೇ ಹೇಳಿ ಬರೆಸಲಿ. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಲ್ಲಿ ಚಾಲುಕ್ಯ ಉತ್ಸವ ನಡೆದಾಗ ಹಾಡುವವರ ವೇದಿಕೆಯ ಪಕ್ಕದಲ್ಲಿ ವಾದ್ಯ ಮಾಡುವವರಿಗೂ ರಿಪೇರಿ ಮಾಡುವವರಿಗೂ ಒಂದು ಮಳಿಗೆ ಇರಲಿ. ಜವಾರಿ ತೆಗೆಯುವುದನ್ನು ಮಕ್ಕಳು ಕಣ್ಣಾರೆ ನೋಡಲಿ. ಕೇಂದ್ರದ ಸಂಗೀತ ನಾಟಕ ಅಕಾಡೆಮಿ ವಾದ್ಯ ತಯಾರಿಕೆಗೂ ಪ್ರಶಸ್ತಿ ಕೊಡುತ್ತದೆ. ನಮ್ಮ ಜಿಲ್ಲೆಯ ಸಂಘಸಂಸ್ಥೆಗಳು ರಾಜ್ಯೋತ್ಸವದ ಸನ್ಮಾನಕ್ಕೆ ಹೆಸರು ಆರಿಸುವಾಗ ಈ ಕೈಗಳನ್ನೂ ನೆನೆಯಲಿ. ನ್ಯಾಯವಾದ ಮಜೂರಿ ಸಿಕ್ಕರೆ ಮಾತ್ರ ಮುಂದಿನ ಪೀಳಿಗೆಯ ಹುಡುಗರು ಅರ ಹಿಡಿಯುತ್ತಾರೆ ಎಂಬುದನ್ನು ಮರೆಯದಿರೋಣ.

ಬೀಳಗಿಯಿಂದ ಹೋಗಿ ಮುಂಬೈಯ ಸಿನಿಮಾ ಲೋಕವನ್ನು ಬೆಳಗಿದ ಅಮೀರಬಾಯಿ ಕರ್ನಾಟಕಿಯವರ ಹೆಸರು ಉಳಿದಿದೆ. ಗದಗಿನ ಪುಣ್ಯಾಶ್ರಮದಲ್ಲಿ ಸಾವಿರಾರು ಮಕ್ಕಳಿಗೆ ವಿದ್ಯೆ ಕೊಟ್ಟ ಪುಟ್ಟರಾಜ ಗವಾಯಿಗಳ ಹೆಸರು ಉಳಿದಿದೆ. ಉಳಿಯಲೇಬೇಕು. ಅವರೆಲ್ಲರ ಹಾಡಿಗೆ ಶ್ರುತಿ ಕೊಟ್ಟ ವಾದ್ಯಗಳನ್ನು ಮಾಡಿದವರೂ ಅದೇ ಪುಟದಲ್ಲಿ ಇರಬೇಕು. ಲಿಯೋ ಫೆಂಡರ್ ತೀರಿಕೊಂಡ ಮೇಲೆ ಅವರ ದೇಶ ಅವರನ್ನು ಹಾಡುಗಾರರ ಸಾಲಿಗೆ ಸೇರಿಸಿತು. ಫರೀದ್‌ಸಾಹೇಬ ಶಿಕಲಗಾರರು ಆ ಸಾಲಿಗೆ ಯೋಗ್ಯರು. ಮುಂದಿನ ಸಲ ನಿಮ್ಮೂರಿನಲ್ಲಿ ಕಛೇರಿ ನಡೆದು ಆಭಾರ ಮನ್ನಿಸುವ ಹೊತ್ತು ಬಂದಾಗ, ಗಾಯಕರ, ತಬಲಾ ಸಾಥಿಯವರ, ಮೈಕಿನವರ ಹೆಸರಿನ ಜೊತೆಗೆ ಈ ತಂಬೂರಿ ಇಂಥವರು ಮಾಡಿದ್ದು ಎಂದು ಒಂದು ಮಾತು ಹೇಳಿಸಿ. ಅಷ್ಟರಿಂದ ಶುರುಮಾಡೋಣ.